ವಜ್ರದೋಲೆಯ ಹಿಂದಿನ ಕ್ರೌರ್ಯ ಯಾರದು?

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರೇಮವನ್ನು ವಸ್ತುವಾಗಿಸಿಕೊಂಡ ಹಳೆಯ ವಿದೇಶಿ ಚಿತ್ರಗಳನ್ನು ಪರಿಚಯಿಸುವ ಲೇಖನವೊಂದು ಪ್ರಕಟವಾಗಿದ್ದು, ಅದರಲ್ಲಿ ಮ್ಯಾಕ್ಸ್ ಓಫುಲ್ಸ್ ನಿರ್ದೇಶನದ ಫ್ರೆಂಚ್ ಚಿತ್ರ ‘ಮದಾಂ ದ...’ಗೆ ಸಿಕ್ಕಿರುವುದು ಎರಡೇ ಸಾಲಿನ ಜಾಗ. ಜಾಗದ ಬಗ್ಗೆ ನನ್ನ ತಕರಾರಿಲ್ಲ. ಪುರವಣಿಯ ಪುಟಗಳಿಗೂ ಮಿತಿಯಿದೆ. ಆದರೆ ಆ ಎರಡು ಸಾಲುಗಳಲ್ಲಿ ಚಿತ್ರವನ್ನು ‘ಒಡವೆಯ ಮೋಹಕ್ಕೆ ಬಿದ್ದ ಬಿಂಕದ ಹೆಣ್ಣೊಬ್ಬಳು ತಕ್ಕ ಶಾಸ್ತಿ ಅನುಭವಿಸುವ ಕಥೆ’ ಎಂದು ಸಂಗ್ರಹಿಸಿರುವುದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹಾಗೆ ಓದಿಕೊಂಡರೆ ಚಿತ್ರದ ಇಬ್ಬರು ಗಂಡಸರು ವಿಚಾರಣೆಯೇ ಇಲ್ಲದೆ ಬಿಡುಗಡೆಯಾಗಿ ಹೊರಗೆ ಬಂದುಬಿಡುತ್ತಾರೆ. ನಾನು ಕಂಡಂತೆ ಈ ಚಿತ್ರದಲ್ಲಿ ಬಿಂಕ ಮೂವರಿಗೂ ಉಂಟು, ಮತ್ತು ಅವರಲ್ಲಿ ಅದನ್ನು ಕಳಚಿ ಕೆಳಗಿಡುವವಳು ಆ ಹೆಂಗಸೊಬ್ಬಳೇ.

ಚಿತ್ರವನ್ನು ನೋಡದ ಓದುಗರಿಗಾಗಿ ಕೆಲವು ವಿವರಗಳನ್ನು ಹೇಳಬೇಕು. ಲೂಯೀಸ್ ದ ವಿಲ್ಮೊರಾಂ ಎಂಬ ಲೇಖಕಿ 1951ರಲ್ಲಿ ಪ್ರಕಟಿಸಿದ ಕಿರುಕಾದಂಬರಿಯೊಂದನ್ನು ಆಧರಿಸಿ, ಮಾರ್ಸೆಲ್ ಅಶಾರ್ ಮತ್ತು ಆನೆಟ್ ವಾದ್ಮಾಂ ಅವರೊಡನೆ ಕೂಡಿ ಓಫುಲ್ಸ್ ಚಿತ್ರಕಥೆಯನ್ನು ಬರೆದರು. ಚಿತ್ರ 1953ರಲ್ಲಿ ತೆರೆ ಕಂಡಿತು. ಕಾಲ ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಕಣ್ಣು ಬಿಡುತ್ತಿದ್ದ ಹೊತ್ತು, ಸ್ಥಳ ಪ್ಯಾರಿಸ್, ಜನ ಕುದುರೆಗಾಡಿ, ನೃತ್ಯಕೂಟ, ಬೇಟೆ, ಆಪೆರಾಗಳ ನಡುವೆ ದಿನ ಕಳೆಯುವ ಸಿರಿವಂತರು. ನಾಯಕಿ ಲೂಯೀಸ್‌ಳ ಪಾತ್ರದಲ್ಲಿ ಡ್ಯಾನಿಯೆಲ್ ಡಾರಿಯೂ, ಅವಳ ಗಂಡನಾದ ಸೇನಾ ಜನರಲ್ ಆಂದ್ರೆಯ ಪಾತ್ರದಲ್ಲಿ ಷಾರ್ಲ್ ಬ್ವಾಯೇ, ಅವಳು ಮನಸೋಲುವ ಇಟಲಿಯ ರಾಜತಾಂತ್ರಿಕ ಬ್ಯಾರನ್ ದೊನಾತಿಯ ಪಾತ್ರದಲ್ಲಿ ವಿಟ್ಟೋರಿಯೊ ಡಿ ಸಿಕಾ ಇದ್ದಾರೆ. ‘ಬೈಸಿಕಲ್ ಥೀವ್ಸ್’ ಚಿತ್ರದ ನಿರ್ದೇಶಕರೆಂದು ನಮ್ಮಲ್ಲಿ ಹೆಸರಾದ ಡಿ ಸಿಕಾ ಅವರೇ ಇವರು. ನಿರ್ದೇಶನಕ್ಕೆ ಕೈಹಾಕುವ ಮೊದಲೇ ಅವರು ಇಟಲಿಯ ಜನಪ್ರಿಯ ನಟರಾಗಿದ್ದರೆಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇರುವುದಿಲ್ಲ. ದಂಪತಿಯ ಮನೆತನದ ಹೆಸರು ಚಿತ್ರದಲ್ಲಿ ಎಲ್ಲಿಯೂ ನಮಗೆ ತಿಳಿಯುವುದಿಲ್ಲ. ಯಾರಾದರೂ ಅದನ್ನು ಉಚ್ಚರಿಸುವಷ್ಟರಲ್ಲಿ ಏನೋ ಸದ್ದಾಗುತ್ತದೆ, ಇಲ್ಲವೇ ಹೆಸರು ಬರೆದ ಚೀಟಿಗೆ ಏನೋ ಅಡ್ಡ ಬರುತ್ತದೆ.

ಆರಂಭದ ದೃಶ್ಯವೊಂದನ್ನೇ ನೋಡಿದರೂ ನಿರ್ದೇಶಕರ ಮನೋಧರ್ಮ ತಿಳಿಯುತ್ತದೆ. ಅವಳು ಬಹಳ ಸೊಗಸುಗಾತಿ, ಬಹಳ ಮೆರೆದವಳು, ಹೇಳಿಕೊಳ್ಳುವಂಥದ್ದೇನೂ ನಡೆಯದ ಚೆಂದದ ಬಾಳೊಂದು ಅವಳ ಹಣೆಯಲ್ಲಿ ಬರೆದಿತ್ತು, ಆ ಒಡವೆಯೊಂದು ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲವೇನೋ ಎಂಬರ್ಥದ ಬರಹ ತೆರೆಯ ಮೇಲೆ ಮೂಡಿ ಮರೆಯಾದ ಮೇಲೆ ನಮಗೆ ಮೊದಲು ಕಾಣುವುದು ಅವಳ ಮುಖವಲ್ಲ, ಒಡವೆಯ ಪೆಟ್ಟಿಗೆಯ ಮೇಲೆ ಸುಳಿದಾಡುವ ಒಂದು ಕೈ. ಸಾಲ ತೀರಿಸಲು ಏನನ್ನಾದರೂ ಮಾರಲೇಬೇಕಾಗಿ ಬಂದಿರುವ ಆಕೆ ತನ್ನಷ್ಟಕ್ಕೆ ಗೊಣಗುತ್ತ, ಗುನುಗುತ್ತ ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತಾಳೆ. ತುಪ್ಪಳದ ನಿಲುವಂಗಿಗಳನ್ನು ಸವರುತ್ತಾಳೆ, ಬಿಡಲು ಮನಸ್ಸಾಗದೆ ಮುಂದೆ ಸಾಗುತ್ತಾಳೆ, ಕೊರಳ ಶಿಲುಬೆಯನ್ನು ಮಾರುವ ಮಾತೇ ಇಲ್ಲವೆಂದುಕೊಳ್ಳುತ್ತಾಳೆ. ಕ್ಯಾಮೆರಾ ಆ ಕೈಯನ್ನು ಬಿಟ್ಟು ಅಗಲದೆ ಹಿಂಬಾಲಿಸುತ್ತದೆ. ಬಹಳ ಹೊತ್ತಿನ ಮೇಲೆ ಅವಳು ಕನ್ನಡಿಯ ಮುಂದೆ ಕುಳಿತು ಕಿವಿಗೆ ಓಲೆ ಹಿಡಿದು ನೋಡಿಕೊಂಡಾಗ ನಮಗೂ ಆ ಮುಖ ಕಾಣುತ್ತದೆ, ಅದೂ ಕನ್ನಡಿಯೊಳಗಿನ ಪ್ರತಿಬಿಂಬವಾಗಿ. ಹೃದಯದಾಕಾರದ ಆ ವಜ್ರದ ಓಲೆಗಳು ಮದುವೆಯಾದಾಗ ಗಂಡ ಕೊಟ್ಟ ಉಡುಗೊರೆ. ಇದ್ದುದರಲ್ಲಿ ಅವಳಿಗೆ ಅತ್ಯಂತ ಬೇಡವಾದವು ಅವೇ. ಈ ಮದುವೆ ಎಂಥದು ಎಂಬುದನ್ನು ಗಂಡ ಇನ್ನೂ ತೆರೆಯ ಮೇಲೆ ಬರುವ ಮುನ್ನವೇ, ಒಬ್ಬರೂ ಜಗಳವಾಡದೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದು ಹೀಗೆ.

ಮುಂದಿನ ಕಥೆ ಓಲೆಗಳ ಓಡಾಟ. ಲೂಯೀಸ್ ಅವನ್ನು ರೆಮಿ ಎಂಬ ಆಭರಣ ವ್ಯಾಪಾರಿಗೆ ಮಾರಿ, ಆಪೆರಾ ನೋಡಲು ಹೋದಲ್ಲಿ ಕಳೆದುಹೋದವೆಂದು ನಟಿಸುತ್ತಾಳೆ. ಕಳವಾಗಿದೆಯೆಂಬ ಸುದ್ದಿ ಪತ್ರಿಕೆಯಲ್ಲಿ ಬಂದುದರಿಂದ ಬೆದರಿದ ರೆಮಿ ಜನರಲ್‌ನ ಬಳಿಗೆ ಓಡಿಬಂದು ನಿಜವನ್ನೆಲ್ಲ ಬಿಚ್ಚಿಡುತ್ತಾನೆ. ಜನರಲ್ ಮತ್ತೆ ಹಣ ಕೊಟ್ಟು ಓಲೆಗಳನ್ನು ಕೊಂಡು, ಹೆಂಡತಿಗೆ ಒಂದು ಮಾತೂ ಹೇಳದೆ, ಕಾನ್‌ಸ್ಟಾಂಟಿನೋಪಲ್‌ಗೆ ಹೊರಟುನಿಂತ ತನ್ನ ಪ್ರೇಯಸಿ ಲೋಲಾಳಿಗೆ ಬೀಳ್ಕೊಡುಗೆಯಾಗಿ ಕೊಟ್ಟುಬಿಡುತ್ತಾನೆ. ಅವಳು ಅಲ್ಲಿ ಜೂಜಾಡಿ ಅವನ್ನು ಕಳೆದುಕೊಳ್ಳುತ್ತಾಳೆ. ಅಲ್ಲಿದ್ದ ಬ್ಯಾರನ್ ದೊನಾತಿ ಕೊಳ್ಳುತ್ತಾನೆ. ಪ್ಯಾರಿಸ್‌ಗೆ ಬರುವ ದಾರಿಯಲ್ಲಿ ಬಾಸೆಲ್‌ನ ಸುಂಕದ ಕಟ್ಟೆಯಲ್ಲಿ ಅವನು ಲೂಯೀಸ್‌ಳನ್ನು ಕಣ್ತುಂಬ ನೋಡುತ್ತಾನೆ, ಮುಂದೆ ಪ್ಯಾರಿಸ್‌ನ ಬೀದಿಯಲ್ಲಿ ಇಬ್ಬರ ಗಾಡಿಗಳೂ ಢಿಕ್ಕಿಯಾಗುತ್ತವೆ, ಪರಿಚಯ ಪ್ರೇಮವಾಗುತ್ತದೆ, ಮತ್ತು ಅವನು ಏನೂ ಅರಿಯದೆ ಅದೇ ಓಲೆಗಳನ್ನು ಅವಳಿಗೆ ಕಾಣಿಕೆಯಾಗಿ ತಂದುಕೊಡುತ್ತಾನೆ. ಇಷ್ಟೊಂದು ಕಾಕತಾಳೀಯಗಳನ್ನು ಒಂದೇ ಕಥೆ ತಾಳಿಕೊಳ್ಳುವುದೇ ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಚಿತ್ರದ ಮೊದಲರ್ಧ ತನ್ನನ್ನು ಪ್ರಹಸನವೆಂದೇ ತಿಳಿದುಕೊಂಡಿದೆ. ನಗಿಸುವ ಹೊತ್ತಿನಲ್ಲಿ ಒಪ್ಪಿಕೊಂಡ ಸಲಿಗೆಗಳಿಗೆ ದ್ವಿತೀಯಾರ್ಧದಲ್ಲಿ ಬೆಲೆ ತೆರಬೇಕಾಗುತ್ತದೆ.

ಈಗ ಜನರಲ್‌ನ ವಿಚಾರ. ಇವನನ್ನು ಖಳನೆಂದು ಕರೆಯಲು ಚಿತ್ರ ಎಲ್ಲಿಯೂ ಅವಕಾಶ ಕೊಡುವುದಿಲ್ಲ. ಸಭ್ಯ, ಹಾಸ್ಯಪ್ರಜ್ಞೆಯುಳ್ಳವನು, ಎಂಥ ಮುಜುಗರದ ಸಂದರ್ಭದಲ್ಲೂ ದನಿ ಏರಿಸದವನು. ಓಲೆ ಕಳೆದ ರಾತ್ರಿ ಆಪೆರಾ ಮಂದಿರದಲ್ಲಿ ಗ್ಲುಕ್ ರಚಿಸಿದ ಆಪೆರಾದ ನಾಯಕ ಆರ್ಫಿಯಸ್ ತನ್ನ ಹೆಂಡತಿ ಯೂರಿಡಿಸಿಯನ್ನು ಕಳೆದುಕೊಂಡೆನೆಂದು ಹಾಡುತ್ತಿರುವಾಗ, ಈತ ಇಲ್ಲದ ಓಲೆಗಳನ್ನು ಹುಡುಕುತ್ತ ಮೆಟ್ಟಿಲು ಹತ್ತಿ ಇಳಿಯುತ್ತಾನೆ, ತೂಕಡಿಸುವ ಬಾಗಿಲ ಕಾವಲಿನವನು ಪ್ರತಿ ಸಲವೂ ಏಳಬೇಕಾಗುತ್ತದೆ. ಗಂಡ ಹೆಂಡಿರು ಬೇರೆ ಬೇರೆ ಕೋಣೆಗಳಲ್ಲಿ ಮಲಗಿಕೊಂಡೇ ಮಾತಾಡುವ ದೃಶ್ಯದ ಸೊಗಸು ಅವರ ಮಾತಿನ ನಯದಲ್ಲಿದೆ. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿರುವುದು ಸುಳ್ಳೆಂದು ಗೊತ್ತಿದ್ದೂ ಅದನ್ನು ಮುಟ್ಟದಿರುವುದೇ ಆ ಮನೆಯ ಶಿಷ್ಟಾಚಾರ. ಲೋಲಾಳನ್ನು ರೈಲಿನಲ್ಲಿ ಕಳಿಸಿಕೊಡುವಾಗಲೂ ಅವನು ಸೌಜನ್ಯದ ಮೂರ್ತಿಯೇ. ಹೆಂಡತಿ ಮಾರಿದ ಒಡವೆಯನ್ನು, ಸಾಕಾಗಿಹೋದ ಪ್ರೇಯಸಿಯ ಬಾಯಿ ಸಿಹಿ ಮಾಡಲು ಬಳಸಿಕೊಂಡವನೆಂಬುದನ್ನು ಆ ಸೌಜನ್ಯದ ಮುಂದೆ ನಾವೂ ಮರೆತುಬಿಡುತ್ತೇವೆ. ತಮ್ಮ ದಾಂಪತ್ಯದ ಸುಖ ಮೇಲುನೋಟಕ್ಕೆ ಮಾತ್ರ ಮೇಲುಮೇಲಿನದು ಎಂದು ಅವನು ಮುಂದೊಮ್ಮೆ ಹೆಂಡತಿಗೆ ಹೇಳುತ್ತಾನೆ. ಮಾತು ಚತುರವಾಗಿದೆ, ಅದನ್ನು ಆಡುವಾಗ ಬ್ವಾಯೇಯ ಕಣ್ಣುಗಳಲ್ಲಿ ಒಂದು ಬೇಡಿಕೆಯೂ ಇದೆ. ಆದರೆ ಬೇಡುವುದನ್ನು ಅವನಿಗೆ ಯಾರೂ ಕಲಿಸಿಲ್ಲ, ಅಪ್ಪಣೆ ಕೊಡುವುದೊಂದನ್ನು ಮಾತ್ರ ಕಲಿಸಿದ್ದಾರೆ.

ಅವನ ಹೆಂಡತಿ ಪ್ರೇಮದಲ್ಲಿ ಬೀಳುವ ಬಗೆಯನ್ನು ಓಫುಲ್ಸ್ ತೋರಿಸಿರುವ ದೃಶ್ಯಕ್ಕಾಗಿಯೇ ಎಷ್ಟೋ ಮಂದಿ ಈ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಾರೆ. ಜನರಲ್ ಊರಿನಲ್ಲಿಲ್ಲ. ಲೂಯೀಸ್ ಮತ್ತು ದೊನಾತಿ ಒಂದು ನೃತ್ಯಕೂಟದಲ್ಲಿ ಜೊತೆಯಾಗಿ ಹೆಜ್ಜೆ ಹಾಕುತ್ತಾರೆ. ಕ್ಯಾಮೆರಾ ಅವರ ಸುತ್ತ ಸುತ್ತುತ್ತ, ಕಂಬಗಳ ಹಿಂದೆ ಮರೆಯಾಗುತ್ತ, ಕನ್ನಡಿಗಳ ಬದಿಯಲ್ಲಿ ಹಾದು ಮತ್ತೆ ಅವರನ್ನು ಹಿಡಿಯುವಷ್ಟರಲ್ಲಿ ಅವಳ ಉಡುಪು ಬದಲಾಗಿರುತ್ತದೆ, ಸಭಾಂಗಣ ಬದಲಾಗಿರುತ್ತದೆ, ಆಸ್ಕರ್ ಸ್ಟ್ರಾಸ್ ರಚಿಸಿದ ವಾಲ್ಟ್ಸ್ ನೃತ್ಯಸಂಗೀತ ಮಾತ್ರ ನಿಂತಿರುವುದಿಲ್ಲ. ನಿಮ್ಮನ್ನು ನೋಡದೆ ಇಷ್ಟು ದಿನವಾಯಿತು ಎಂದು ಅವನು ಹೇಳುವ ಲೆಕ್ಕ ಪ್ರತಿ ಕೂಟದಲ್ಲೂ ಇಳಿಯುತ್ತ ಹೋಗಿ ಕೊನೆಗೆ ಗಂಟೆಗಳಿಗೆ ಬಂದು ನಿಲ್ಲುತ್ತದೆ. ಗಂಡನ ಯೋಗಕ್ಷೇಮ ಕೇಳುವ ಔಪಚಾರಿಕ ಪ್ರಶ್ನೆಯೂ ಒಂದೊಂದು ಸುತ್ತಿಗೆ ಸೊರಗುತ್ತ ಬಂದು, ಆಮೇಲೆ ಇಬ್ಬರೂ ಮಾತನ್ನೇ ಬಿಡುತ್ತಾರೆ. ಕೊನೆಯ ಕೂಟದಲ್ಲಿ ಇವರಿಬ್ಬರ ಹೊರತು ಯಾರೂ ಉಳಿದಿಲ್ಲ. ವಾದ್ಯಗಾರರಿಗೆ ಬೇಸರ ಬಂದಿದೆ. ಒಬ್ಬೊಬ್ಬರಾಗಿ ಎದ್ದು ಹೊರಡುತ್ತಾರೆ. ಆಳೊಬ್ಬ ದೀಪಗಳನ್ನು ನಂದಿಸುತ್ತ ಬರುತ್ತಾನೆ. ಕೊನೆಗೆ ಹಾರ್ಪ್ ವಾದ್ಯಕ್ಕೆ ಹೊದಿಸಿದ ಕಪ್ಪು ಬಟ್ಟೆ ತೆರೆಯನ್ನೆಲ್ಲ ಆವರಿಸುತ್ತದೆ. ಹಲವು ವಾರಗಳ ಪ್ರೇಮ ಕೆಲವೇ ನಿಮಿಷಗಳಲ್ಲಿ ನಮ್ಮ ಕಣ್ಣೆದುರು ನಡೆದುಹೋಗಿದೆ, ‘ಪ್ರೀತಿ’ ಎಂಬ ಮಾತನ್ನು ಇಬ್ಬರಲ್ಲಿ ಯಾರೂ ಆಡಿಲ್ಲ. ಈ ಹಾಡಿಲ್ಲದ, ಸಂಭಾಷಣೆ ಕರಗಿಹೋಗುವ ಪ್ರೇಮದೃಶ್ಯದಲ್ಲಿ ಆಳುಕಾಳುಗಳ ಆಯಾಸಕ್ಕೂ ನಿರ್ದೇಶಕರು ಜಾಗ ಮಾಡಿಕೊಟ್ಟಿದ್ದಾರೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಸಿರಿವಂತರ ಚಿತ್ರವೆಂದು ಇದನ್ನು ತಳ್ಳಿಹಾಕುವವರಿಗೆ ಬಾಗಿಲ ಕಾವಲಿನವನೂ, ದೀಪ ನಂದಿಸುವವನೂ, ಇಸ್ಪೀಟೆಲೆ ಹರಡಿ ಒಡತಿಯ ಭವಿಷ್ಯ ನೋಡುವ ಮುದಿ ದಾದಿಯೂ ಕಣ್ಣಿಗೆ ಬಿದ್ದಿಲ್ಲವೆಂದೇ ಹೇಳಬೇಕಾಗುತ್ತದೆ.

ಬೇಟೆಯ ದಿನ ದೊನಾತಿ ಕುದುರೆಯಿಂದ ಬಿದ್ದಾಗ ಲೂಯೀಸ್ ಎಲ್ಲರೆದುರು ಮೂರ್ಛೆ ಹೋಗುತ್ತಾಳೆ. ಚಿತ್ರದ ಆರಂಭದಲ್ಲಿ, ರೆಮಿಯ ಅಂಗಡಿಯಲ್ಲಿ ವ್ಯಾಪಾರ ಕುದುರದಿದ್ದಾಗ ಅವಳು ಮೂರ್ಛೆಯನ್ನು ನಟಿಸಿದ್ದಳು; ಆಗ ನಾವು ನಕ್ಕಿದ್ದೆವು. ಈ ಸಲದ್ದು ನಿಜವೆಂದು ನಮಗಿಂತ ಮೊದಲು ಜನರಲ್‌ಗೆ ತಿಳಿಯುತ್ತದೆ. ಓಫುಲ್ಸ್ ಕಥೆ ಕಟ್ಟುವ ಬಗೆಯ ಗುಟ್ಟು ಇಲ್ಲಿದೆ. ಮೊದಲರ್ಧದಲ್ಲಿ ಹಗುರವಾಗಿ ಬಂದುಹೋದ ಪ್ರತಿಯೊಂದೂ ದ್ವಿತೀಯಾರ್ಧದಲ್ಲಿ ಭಾರವಾಗಿ ಮರಳುತ್ತದೆ: ಓಲೆಗೆ ಒಳ್ಳೆಯ ಬೆಲೆ ಬರಲೆಂದು ಅವಳು ಚರ್ಚಿನಲ್ಲಿ ಹಚ್ಚಿದ ಮೇಣದಬತ್ತಿ, ರೈಲು ನಿಲ್ದಾಣದ ಬೀಳ್ಕೊಡುಗೆ, ಜನರಲ್‌ನ ಬಳಿಗೆ ಓಲೆ ತರುವ ರೆಮಿ, ಕೊನೆಗೆ ಆ ಮೂರ್ಛೆಯೂ. ಪ್ರೇಮಕ್ಕೆ ಹೆದರಿ ಊರು ಬಿಡುವ ಮುನ್ನ ಬಾಗಿಲಿಗೆ ಒರಗಿ, ನಾನು ನಿಮ್ಮನ್ನು ಪ್ರೀತಿಸುತ್ತಿಲ್ಲ, ಪ್ರೀತಿಸುತ್ತಿಲ್ಲ ಎಂದು ದೊನಾತಿಗೆ ಅವಳು ಮತ್ತೆ ಮತ್ತೆ ಹೇಳುವಾಗ, ಸುಳ್ಳು ಹೇಳುವುದರಲ್ಲಿ ಪಳಗಿದ ನಾಲಿಗೆ ಮೊದಲ ಬಾರಿಗೆ ಸೋತದ್ದು ಗೊತ್ತಾಗುತ್ತದೆ. ದೂರದ ಊರುಗಳಿಂದ ಅವನಿಗೆ ಬರೆದ ಕಾಗದಗಳನ್ನು ಅವಳು ಅಂಚೆಗೆ ಹಾಕುವುದಿಲ್ಲ. ಚಲಿಸುವ ರೈಲಿನ ಕಿಟಕಿಯಿಂದ ಹರಿದು ಎಸೆದ ಚೂರುಗಳು ಗಾಳಿಯಲ್ಲಿ ಹಾರುತ್ತಿದ್ದಂತೆಯೇ ಬೀಳುವ ಹಿಮವಾಗಿ ಬದಲಾಗುತ್ತವೆ.

ದೊನಾತಿ ಕೊಟ್ಟ ಓಲೆಗಳನ್ನು ಗಂಡನ ಎದುರಿಗೆ ತೊಡಬೇಕೆಂಬ ಆಸೆಗೆ ಅವಳು ಹೂಡುವ ನಾಟಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೃತ್ಯಕೂಟಕ್ಕೆ ಸಿದ್ಧಳಾಗುತ್ತ, ಖಾನೆಯಿಂದ ಉದ್ದನೆಯ ಕೈಗವಸುಗಳನ್ನು ತೆಗೆದು, ಅವುಗಳೊಳಗೆ ಓಲೆಗಳು ಸಿಕ್ಕಿದಂತೆ ಬೆರಗಾಗಿ, ಕಳೆದೇಹೋದವೆಂದುಕೊಂಡದ್ದು ಇಲ್ಲೇ ಇತ್ತಲ್ಲ ಎಂದು ಗಂಡನಿಗೆ ತೋರಿಸುತ್ತಾಳೆ. ಆ ಓಲೆಗಳನ್ನು ತಾನೇ ಕೊಂಡು ತಾನೇ ಲೋಲಾಳ ಕೈಗಿತ್ತ ಗಂಡ ಎದುರಿಗೇ ನಿಂತಿದ್ದಾನೆ. ಕೋಣೆಯಲ್ಲಿ ಇರುವವರು ಇಬ್ಬರು. ಪೂರ್ತಿ ಸತ್ಯ ಗೊತ್ತಿರುವುದು ನೋಡುತ್ತಿರುವ ನಮಗೆ ಮಾತ್ರ. ಅವಳಿಗೆ ಅವನ ಗುಟ್ಟು ತಿಳಿಯದು, ಅವನಿಗೆ ಅವಳ ಓಲೆ ಯಾರ ಮೂಲಕ ಬಂತೆಂಬುದು ಆ ಕ್ಷಣಕ್ಕೆ ತಿಳಿಯದು, ಆದರೆ ಸುಳ್ಳೆಂಬುದು ಖಚಿತವಾಗಿ ತಿಳಿಯುತ್ತದೆ. ಬ್ವಾಯೇ ಇಲ್ಲಿ ಹುಬ್ಬು ಗಂಟಿಕ್ಕುವುದಿಲ್ಲ, ತುಟಿ ಕಚ್ಚುವುದಿಲ್ಲ. ತಾಳ್ಮೆಯ ಗಂಡನ ಮುಖವಾಡದ ಹಿಂದೆ ಸೇನಾಧಿಕಾರಿ ಎಚ್ಚರಗೊಂಡನೆಂಬುದು ಅವನ ಸ್ತಬ್ಧತೆಯಿಂದಲೇ ಗೊತ್ತಾಗಬೇಕು. ಅವನಿಗೆ ನೋವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನೋವನ್ನು ಬಾಯಿಬಿಟ್ಟು ಹೇಳಿಕೊಂಡರೆ ಮಾನಹೋಗುತ್ತದೆಂದು ತಿಳಿದವನಿಗೆ ಉಳಿಯುವುದು ಶಿಸ್ತುಕ್ರಮ ಒಂದೇ.

ಆ ಶಿಸ್ತುಕ್ರಮ ಯಾವ ರೂಪದಲ್ಲಿ ಬರುತ್ತದೆಂಬುದನ್ನು ಲೇಖನ ಬರೆದವರು ಮರೆತಂತಿದೆ. ದೊನಾತಿಗೆ ವಿಷಯ ತಿಳಿಸಿ, ಓಲೆಗಳು ಮತ್ತೆ ರೆಮಿಯ ಅಂಗಡಿ ಸೇರುವಂತೆ ಮಾಡಿ, ತಾನು ಮತ್ತೊಮ್ಮೆ ಅವನ್ನು ಕೊಂಡು ಜನರಲ್ ಮನೆಗೆ ತರುತ್ತಾನೆ. ಕಂಡೊಡನೆ ಲೂಯೀಸ್‌ಳ ಮುಖ ಅರಳುತ್ತದೆ. ಅರಳಲು ಬಿಟ್ಟು, ಆಮೇಲೆ ಅವನು ಹೇಳುತ್ತಾನೆ: ಇವನ್ನು ಈಗಷ್ಟೇ ಹೆತ್ತಿರುವ ನನ್ನ ಸೋದರನ ಮಗಳಿಗೆ ನೀವೇ ಹೋಗಿ ಕೊಟ್ಟು ಬರಬೇಕು. ಬಾಣಂತಿಯ ಹಾಸಿಗೆಯ ಪಕ್ಕದಲ್ಲಿ, ಕೂಸಿನ ಎದುರು, ಗಂಡ ನೋಡುತ್ತಿರುವಂತೆಯೇ ತನ್ನ ಪ್ರಾಣದಂತಾಗಿದ್ದ ಒಡವೆಯನ್ನು ಉಡುಗೊರೆಯೆಂದು ಕೊಟ್ಟು, ಉಕ್ಕಿಬರುವ ಅಳುವನ್ನು ಅವಳು ನುಂಗಬೇಕಾಗುತ್ತದೆ. ಆ ಕೋಣೆಯಲ್ಲಿ ಯಾರೂ ಯಾರಿಗೂ ಬಿರುಸಾದ ಒಂದು ಮಾತು ಆಡಿಲ್ಲ. ನನ್ನ ತಿಳಿವಳಿಕೆಯ ಮಟ್ಟಿಗೆ ಪ್ರೇಮದಲ್ಲಿನ ಕ್ರೌರ್ಯವನ್ನು ಸಿನಿಮಾದಲ್ಲಿ ಇದಕ್ಕಿಂತ ಮೆಲ್ಲಗೆ, ಇದಕ್ಕಿಂತ ಆಳವಾಗಿ ತೋರಿಸಿದ ದೃಶ್ಯ ಕಡಿಮೆ. ಅದೂ ಹೊಡೆತ ಬಡಿತಗಳ ಮೂಲಕವಲ್ಲ, ಬಂಧುಬಳಗದಲ್ಲಿ ಎಲ್ಲರೂ ಮೆಚ್ಚುವಂಥ ಒಂದು ಒಳ್ಳೆಯ ನಡತೆಯ ಮೂಲಕ.

ಇಷ್ಟಾಗಿಯೂ ಜನರಲ್‌ನ ಬಗ್ಗೆ ನನಗೆ ಕನಿಕರ ಉಳಿಯುತ್ತದೆ. ಉಳಿಯದಿರುವುದು ದೊನಾತಿಯ ಬಗ್ಗೆ. ಡಿ ಸಿಕಾ ಅವರ ಮೃದುವಾದ ದನಿ, ಬೆಳ್ಳಿಗೂದಲು, ತಲೆಬಾಗುವ ರೀತಿ ಎಲ್ಲವೂ ಸೇರಿ ಅವನನ್ನು ಆದರ್ಶ ಪ್ರೇಮಿಯೆಂದು ನಾವು ನಂಬಿಬಿಡುತ್ತೇವೆ, ಅವನೂ ಹಾಗೆಂದೇ ನಂಬಿದ್ದಾನೆ. ತಾನು ಕೊಟ್ಟದ್ದು ಅವಳ ಗಂಡನ ಮದುವೆಯ ಉಡುಗೊರೆಯಾಗಿತ್ತೆಂದೂ, ತನಗೊಂದು ಗಂಡನಿಗೊಂದು ಎಂದು ಅವಳು ಸುಳ್ಳು ಹೇಳಿದಳೆಂದೂ ತಿಳಿದ ಕೂಡಲೇ ಅವನೊಳಗೆ ಏನೋ ಮುರಿಯುತ್ತದೆ. ಅವನು ಕೂಗಾಡುವುದಿಲ್ಲ, ತಣ್ಣಗಾಗುತ್ತಾನೆ. ಆ ಸುಳ್ಳು ಎಂಥದು? ಅವನು ಕೊಟ್ಟದ್ದನ್ನು ತೊಡಲೇಬೇಕೆಂಬ ಹಂಬಲದಿಂದ ಹುಟ್ಟಿದ್ದು. ಇನ್ನೊಬ್ಬನ ಹೆಂಡತಿಯನ್ನು ಪ್ರೀತಿಸುವಾಗ, ಗುಟ್ಟಾಗಿ ಕಾಣುವಾಗ, ಅವಳು ಮನೆಯಲ್ಲಿ ಹೇಳಿಬರುತ್ತಿದ್ದ ಸುಳ್ಳುಗಳಾವುವೂ ಅವನ ಆತ್ಮಸಾಕ್ಷಿಯನ್ನು ಕುಟುಕಿರಲಿಲ್ಲ. ಈ ಒಂದು ಸುಳ್ಳು ಅವನ ಅಭಿಮಾನವನ್ನು ತಾಕಿತು, ಏಕೆಂದರೆ ಅದು ಅವನನ್ನು ಇನ್ನೊಬ್ಬ ಗಂಡಸಿನ ಕಣ್ಣಿನಲ್ಲಿ ನಗೆಪಾಟಲು ಮಾಡಿತು. ಹೆಂಗಸಿನ ಜೊತೆಗಿದ್ದ ಪ್ರೇಮಕ್ಕಿಂತ ಗಂಡಸಿನೆದುರು ಉಳಿಸಿಕೊಳ್ಳಬೇಕಾದ ಮುಖ ಅವನಿಗೆ ಹೆಚ್ಚಾಯಿತು. ಬಿಂಕವೆಂದರೆ ಇದಲ್ಲವೇ? ಕನ್ನಡಿಯ ಮುಂದೆ ಕುಳಿತ ಲೂಯೀಸ್‌ಳ ಬಿಂಕದಿಂದ ಯಾರಿಗೂ ಗಾಯವಾಗಿರಲಿಲ್ಲ. ದೊನಾತಿಯ ಈ ಘನವಾದ, ಮೌನವಾದ ಬಿಂಕದಿಂದ ಅವಳು ಹಾಸಿಗೆ ಹಿಡಿಯುತ್ತಾಳೆ.

ಅತ್ತ, ಗಂಡನ ಸಾಲಕ್ಕಾಗಿ ಬಾಣಂತಿ ಓಲೆಗಳನ್ನು ಅದೇ ರೆಮಿಗೆ ಮಾರುತ್ತಾಳೆ, ರೆಮಿ ಹಳೆಯ ಬಾಕಿ ವಸೂಲಿಗೆ ಬಂದವನಂತೆ ಮತ್ತೆ ಜನರಲ್‌ನ ಕಚೇರಿಯಲ್ಲಿ ಹಾಜರಾಗುತ್ತಾನೆ, ಈ ಸಲ ಜನರಲ್ ಸಿಟ್ಟಿನಿಂದ ಅವನನ್ನು ಅಟ್ಟುತ್ತಾನೆ. ಆಗ ಲೂಯೀಸ್ ಮಾಡುವ ಕೆಲಸವನ್ನು ಆರಂಭದ ದೃಶ್ಯದ ಜೊತೆಗಿಟ್ಟು ನೋಡಬೇಕು. ಸಾಲ ತೀರಿಸಲೆಂದು ಬಿಡಲು ಮನಸ್ಸಾಗದಿದ್ದ ತುಪ್ಪಳ, ಮುಟ್ಟಲೂ ಒಲ್ಲೆನೆಂದ ಒಡವೆಗಳನ್ನು ಈಗ ಮಾರಿ, ಅಂದು ಬೇಡವಾಗಿದ್ದ ಆ ಓಲೆಗಳನ್ನು ಕೊಳ್ಳುತ್ತಾಳೆ. ಅಂಗಡಿಯಲ್ಲಿ ಓಲೆಯ ಬೆಲೆ ಹೆಚ್ಚಿಲ್ಲ, ವಜ್ರವೂ ಅದೇ. ಬಿಂಕದ ಹೆಣ್ಣೆಂದು ಕರೆಸಿಕೊಂಡವಳು ತನ್ನ ಬಿಂಕದ ಸಾಮಗ್ರಿಯನ್ನೆಲ್ಲ ಹೀಗೆ ಕೈಯಾರೆ ಖಾಲಿ ಮಾಡಿಕೊಂಡಳು, ಗಂಡಸರಿಬ್ಬರೂ ತಮ್ಮದನ್ನು ಎದೆಗವಚಿಕೊಂಡು ಪಿಸ್ತೂಲು ಹಿಡಿಯಲು ಹೊರಟರು. ಇದನ್ನು ‘ತಕ್ಕ ಶಾಸ್ತಿ’ಯ ಕಥೆಯೆಂದು ಹೇಗೆ ಕರೆಯುವುದು?

ಜನರಲ್ ದ್ವಂದ್ವಯುದ್ಧಕ್ಕೆ ಹುಡುಕುವ ನೆಪವೂ ಅರ್ಥಪೂರ್ಣವಾಗಿದೆ. ಹೆಂಡತಿಯ ಹೆಸರನ್ನು ಅವನು ಎತ್ತುವುದೇ ಇಲ್ಲ. ಸೈನಿಕರ ಗೌರವಕ್ಕೆ ಕುಂದಾಗುವ ಮಾತನ್ನು ದೊನಾತಿ ಆಡಿದನೆಂಬ ಕಾರಣವನ್ನು ಮುಂದಿಡುತ್ತಾನೆ. ಎದುರಾಳಿಗೂ ಅದು ನೆಪವೆಂದು ಗೊತ್ತು, ಆದರೂ ಮರ್ಯಾದೆಗೆ ಅಂಜಿ ಒಪ್ಪಿಕೊಳ್ಳುತ್ತಾನೆ. ಮೊದಲ ಗುಂಡು ಜನರಲ್‌ನದು, ಅವನು ಗುರಿ ತಪ್ಪುವವನಲ್ಲ. ಲೂಯೀಸ್ ಚರ್ಚಿಗೆ ಓಡಿ, ಹಿಂದೊಮ್ಮೆ ವ್ಯಾಪಾರಕ್ಕಾಗಿ ಬೇಡಿಕೊಂಡ ಅದೇ ಸಂತಳ ಮುಂದೆ ಈಗ ಜೀವಕ್ಕಾಗಿ ಬೇಡಿಕೊಳ್ಳುತ್ತಾಳೆ. ದಾದಿಯ ತೋಳು ಹಿಡಿದು ದಿಬ್ಬ ಏರುವಾಗ ಒಂದು ಗುಂಡಿನ ಸದ್ದು ಕೇಳುತ್ತದೆ, ಎರಡನೆಯದಕ್ಕೆ ಕಾಯುತ್ತಾಳೆ, ಅದು ಬರುವುದೇ ಇಲ್ಲ. ಇಪ್ಪತ್ತು ವರ್ಷ ಹಿಂದೆ, 1933ರ ‘ಲೀಬೆಲಾಯ್’ ಎಂಬ ಜರ್ಮನ್ ಚಿತ್ರದಲ್ಲಿಯೂ ಓಫುಲ್ಸ್ ಹೀಗೆಯೇ ಬಾರದ ಎರಡನೆಯ ಗುಂಡಿಗಾಗಿ ಪಾತ್ರಗಳನ್ನು ಕಾಯಿಸಿದ್ದರು. ಎರಡು ಚಿತ್ರಗಳ ನಡುವೆ ಅವರ ಬದುಕಿನಲ್ಲಿ ನಡೆದದ್ದು ಕಡಿಮೆಯೇನಲ್ಲ: 1902ರಲ್ಲಿ ಸಾರ್‌ಬ್ರುಕೆನ್‌ನ ಯಹೂದಿ ಮನೆತನದಲ್ಲಿ ಹುಟ್ಟಿದ ಅವರು ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟರು, ಫ್ರಾನ್ಸಿನ ಪೌರರಾದರು, ಯುದ್ಧ ಬಂದಾಗ ಅಲ್ಲಿಂದಲೂ ಹೊರಟು ಅಮೆರಿಕ ಸೇರಿದರು, ಯುದ್ಧ ಮುಗಿದ ಮೇಲೆ ಮರಳಿ ಫ್ರಾನ್ಸಿಗೆ ಬಂದು 1950ರಿಂದ 1955ರ ನಡುವೆ ನಾಲ್ಕು ಚಿತ್ರಗಳನ್ನು ಮಾಡಿ 1957ರಲ್ಲಿ ತೀರಿಕೊಂಡರು. ಸಮವಸ್ತ್ರ, ಮರ್ಯಾದೆ, ಪ್ರತಿಷ್ಠೆಗಳ ಹೆಸರಿನಲ್ಲಿ ಜನ ಏನು ಮಾಡಬಲ್ಲರೆಂಬುದನ್ನು ಕಣ್ಣಾರೆ ಕಂಡವರು ಅದನ್ನು ಹೇಳಲು ವಾಲ್ಟ್ಸ್‌ನ ಲಯವನ್ನು ಆರಿಸಿಕೊಂಡರೆಂಬುದು ಅವರ ಸ್ವಭಾವ. ಇದನ್ನು ಹಗುರತನವೆಂದು ತಪ್ಪು ತಿಳಿದವರು ಅವರ ಕಾಲದಲ್ಲೂ ಇದ್ದರು.

ಕ್ರಿಸ್ತಿಯಾಂ ಮಾತ್ರಾ ಅವರ ಛಾಯಾಗ್ರಹಣದ ಬಗ್ಗೆ, ಜಾರುತ್ತ ಏರುತ್ತ ಸಾಗುವ ಅವರ ಕ್ಯಾಮೆರಾದ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟು ಬರೆದಿದ್ದಾರೆ. ನಾನು ಸೇರಿಸುವುದೇನೂ ಇಲ್ಲ. ಪಾತ್ರವರ್ಗದ ಬಗ್ಗೆ ಮಾತ್ರ ಒಂದು ಮಾತು. ಬ್ವಾಯೇ ಮತ್ತು ಡಾರಿಯೂ 1936ರ ‘ಮೇಯರ್ಲಿಂಗ್’ ಚಿತ್ರದಲ್ಲಿ ಒಬ್ಬರಿಗಾಗಿ ಒಬ್ಬರು ಪ್ರಾಣ ಬಿಡುವ ಪ್ರೇಮಿಗಳಾಗಿ ಹೆಸರು ಮಾಡಿದ್ದರು. ಆ ಜೋಡಿಯನ್ನೇ ಬೇರೆ ಬೇರೆ ಹಾಸಿಗೆಯಲ್ಲಿ ಮಲಗಿ ದೂರದಿಂದ ಕುಶಲೋಪರಿ ನಡೆಸುವ ಗಂಡಹೆಂಡಿರಾಗಿ ಕಂಡಾಗ ಅಂದಿನ ಫ್ರೆಂಚ್ ಪ್ರೇಕ್ಷಕರಿಗೆ ಏನನ್ನಿಸಿರಬಹುದೆಂದು ಊಹಿಸಬಹುದು. ಲೂಯೀಸ್ ಹಾಸಿಗೆ ಹಿಡಿದಿರುವಾಗ ಜನರಲ್ ಕೋಣೆಯ ಎತ್ತರದ ಕಿಟಕಿಗಳನ್ನು ಒಂದಾದ ಮೇಲೊಂದರಂತೆ ಮುಚ್ಚುತ್ತ ಹೋಗುವ ದೃಶ್ಯವೊಂದಿದೆ. ದುಃಖವೆಂಬುದು ನಾವೇ ಹುಟ್ಟಿಸಿಕೊಂಡದ್ದು ಎಂದು ಅವನು ಅವಳಿಗೆ ಬುದ್ಧಿ ಹೇಳುತ್ತಿದ್ದಾನೆ; ನೀವು ನನ್ನನ್ನು ಎಂಥ ಮನುಷ್ಯನನ್ನಾಗಿ ಮಾಡಿದಿರೋ ಆ ಮನುಷ್ಯ ನನಗೂ ಅಷ್ಟಾಗಿ ಹಿಡಿಸುವುದಿಲ್ಲ ಎಂಬ ಅರ್ಥದ ಮಾತನ್ನೂ ಆಡುತ್ತಾನೆ. ಅವನಿಂದ ಹೊರಡುವ ಅತ್ಯಂತ ಪ್ರಾಮಾಣಿಕವಾದ ಮಾತು ಅದು. ಅದನ್ನು ಆಡುತ್ತಲೇ ಅವನ ಕೈ ಇನ್ನೊಂದು ಕಿಟಕಿಯನ್ನು ಮುಚ್ಚುತ್ತಿರುತ್ತದೆ.

ಡಾರಿಯೂ 1917ರಲ್ಲಿ ಹುಟ್ಟಿ 2017ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡವರು. ಮೂಕಿ ಮುಗಿದು ಟಾಕಿ ಬಂದ ಹೊಸತರಲ್ಲೇ ನಟನೆ ಆರಂಭಿಸಿ ಈ ಶತಮಾನದವರೆಗೂ ಬಣ್ಣ ಹಚ್ಚಿದರು. ಈ ಪಾತ್ರದಲ್ಲಿ ಅವರು ಮಾಡಿದ್ದು ಬಹಳ ಕಷ್ಟದ ಕೆಲಸ. ಮೊದಲರ್ಧದಲ್ಲಿ ಟೊಳ್ಳಾಗಿರುವ ವ್ಯಕ್ತಿಯೊಬ್ಬಳನ್ನು ಪ್ರೇಕ್ಷಕರಿಗೆ ಬೇಸರ ಬಾರದಂತೆ, ತಿರಸ್ಕಾರವೂ ಹುಟ್ಟದಂತೆ ತೋರಿಸಬೇಕು; ದ್ವಿತೀಯಾರ್ಧದಲ್ಲಿ ಆ ಟೊಳ್ಳಿನೊಳಗೆ ಏನೋ ತುಂಬಿಕೊಳ್ಳುತ್ತಿರುವುದು ಅವಳಿಗೇ ಅಚ್ಚರಿಯಾಗುವಂತೆ ಕಾಣಬೇಕು. ಕೊನೆಕೊನೆಗೆ ಅವರ ಮುಖದಿಂದ ಪ್ರಸಾಧನ ಕಳೆಗುಂದುತ್ತದೆ, ದನಿ ಕುಗ್ಗುತ್ತದೆ, ಕನ್ನಡಿ ನೋಡಿಕೊಳ್ಳುವುದನ್ನು ಅವಳು ಬಿಟ್ಟುಬಿಡುತ್ತಾಳೆ. ಲೇಖನ ಬರೆದವರು ಇದೊಂದನ್ನು ಗಮನಿಸಿದ್ದರೂ ಬೇರೆ ತೀರ್ಮಾನಕ್ಕೆ ಬರುತ್ತಿದ್ದರೆಂದು ನನ್ನ ನಂಬಿಕೆ.

ತಮ್ಮ ಪುರವಣಿಯ ಸಿನಿಮಾ ಪುಟವನ್ನು ತಪ್ಪದೆ ಓದುವವರಲ್ಲಿ ನಾನೊಬ್ಬ. ಹಳೆಯ ಚಿತ್ರಗಳಿಗೆ ಕನ್ನಡ ಪತ್ರಿಕೆಯೊಂದು ಇಷ್ಟಾದರೂ ಜಾಗ ಕೊಡುತ್ತಿರುವುದಕ್ಕೆ ಕೃತಜ್ಞತೆಯೂ ಇದೆ. ಆ ಸಲುಗೆಯಿಂದಲೇ ಎರಡು ತಿದ್ದುಪಡಿಗಳನ್ನು ಕೋರುತ್ತೇನೆ. ಲೇಖನದಲ್ಲಿ ಚಿತ್ರದ ವರ್ಷ 1955 ಎಂದು ಅಚ್ಚಾಗಿದೆ. ಆ ವರ್ಷ ತೆರೆ ಕಂಡದ್ದು ಓಫುಲ್ಸ್ ಅವರ ಕೊನೆಯ ಚಿತ್ರ ‘ಲೋಲಾ ಮಾಂತೆಸ್’, ‘ಮದಾಂ ದ...’ 1953ರದ್ದು. ಹಾಗೆಯೇ ಚಿತ್ರದ ಜೊತೆಗೆ ಅಚ್ಚಾದ ಅಡಿಬರಹದಲ್ಲಿ ಡಿ ಸಿಕಾ ಅವರನ್ನು ಗಂಡನ ಪಾತ್ರಧಾರಿಯೆಂದು ತೋರಿಸಲಾಗಿದೆ. ಗಂಡನಾಗಿ ನಟಿಸಿದವರು ಷಾರ್ಲ್ ಬ್ವಾಯೇ. ಮುಂದಿನ ವಾರದ ಸಂಚಿಕೆಯಲ್ಲಿ ಇವೆರಡನ್ನೂ ಸರಿಪಡಿಸಿ ಪ್ರಕಟಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಶಿವಮೊಗ್ಗ